ದೊರೆಗಳು ಮೆಚ್ಚಿದ ಬನ್ನು

ಹೊಸ ತಿಂಡಿಯಂಗಡಿ ತೆರೆದರೆ ಅದರ ಒಲೆಗಿಂತ ಮೊದಲು ಊರಿನ ಅಭಿಪ್ರಾಯ ಬಿಸಿಯಾಗುತ್ತದೆ ಎಂಬುದನ್ನು ನೀವೂ ಗಮನಿಸಿರಬಹುದು. ಯಾರ ಬಾಯಿಗೂ ಒಂದು ತುತ್ತು ಹೋಗಿರುವುದಿಲ್ಲ. ಅಷ್ಟರಲ್ಲೇ ಉಪ್ಪು ಜಾಸ್ತಿಯೆಂದು ಒಬ್ಬರು, ಎಣ್ಣೆ ಹಳೆಯದೆಂದು ಇನ್ನೊಬ್ಬರು ತೀರ್ಪು ಕೊಟ್ಟಾಗಿರುತ್ತದೆ. ರುಚಿ ನೋಡುವುದು, ಮಾತಾಡುವುದು, ಎರಡೂ ಕೆಲಸವನ್ನು ಒಂದೇ ನಾಲಿಗೆಗೆ ಒಪ್ಪಿಸಿದ ವಿಧಾತ ಯಾವುದು ಮೊದಲೆಂದು ಹೇಳುವುದನ್ನು ಮರೆತನೇನೋ. ಊರನ್ನು ಹಂಗಿಸಲು ಇದನ್ನು ಬರೆಯುತ್ತಿಲ್ಲ. ಒಂದು ಕಾಲದಲ್ಲಿ ಇಂಥ ಅಭಿಪ್ರಾಯಗಳನ್ನು ಹುಟ್ಟಿಸುವುದೇ ನನ್ನ ಹೊಟ್ಟೆಪಾಡಾಗಿತ್ತು.

ಐವತ್ತರ ದಶಕದ ಕೊನೆಯ ವರ್ಷಗಳವು. ಹೈಸ್ಕೂಲು ಮುಗಿಸಿದ್ದ ನಾನು ಬಂಗಾರಪೇಟೆಯಿಂದ ದಿನವೂ ರೈಲಿನಲ್ಲಿ ಹೋಗಿ ಚಿನ್ನದ ಗಣಿಯ ಊರಾದ ರಾಬರ್ಟ್‌ಸನ್‌ಪೇಟೆಯ ಸಣ್ಣ ಮುದ್ರಣಾಲಯವೊಂದರಲ್ಲಿ ಕರಡು ತಿದ್ದುತ್ತಿದ್ದೆ. ಕರಪತ್ರಗಳ ಒಕ್ಕಣೆಯೂ ನನ್ನದೇ. ಜವಳಿ ಅಂಗಡಿಗೆ ‘ನಯನ ಮನೋಹರ’, ಹಲ್ಲುಪುಡಿಗೆ ‘ಸಕಲ ದಂತರೋಗ ಸಂಹಾರಕ’ ಎಂದು ವಿಶೇಷಣಗಳನ್ನು ಧಾರಾಳವಾಗಿ ಸುರಿಯುತ್ತಿದ್ದೆ. ಶವಪೆಟ್ಟಿಗೆ ಮಾಡುವ ಬಡಗಿಯೊಬ್ಬನಿಗೆ ‘ಒಮ್ಮೆ ಬಳಸಿದವರು ಬೇರೆ ಅಂಗಡಿಗೆ ಹೋಗರು’ ಎಂದು ಬರೆದುಕೊಟ್ಟು ಮಾಲೀಕರಿಂದ ಬೈಸಿಕೊಂಡದ್ದೂ ಉಂಟು. ಬೈಗುಳದಿಂದ ಬುದ್ಧಿ ಬಂದಿದ್ದರೆ ಇದನ್ನು ಬರೆಯುವ ಪ್ರಮೇಯವೇ ಇರುತ್ತಿರಲಿಲ್ಲ.

ಸೂಸಮ್ಮನವರು ಗಣಿಯ ಬಿಳಿ ದೊರೆಯೊಬ್ಬರ ಬಂಗಲೆಯಲ್ಲಿ ವರ್ಷಗಟ್ಟಲೆ ಅಡುಗೆ ಮಾಡಿದ್ದ ವಿಧವೆ. ಗಣಿಗಳು ಸರ್ಕಾರದ ಕೈಗೆ ಬಂದು ದೊರೆಗಳು ಹಡಗು ಹತ್ತಿದ ಮೇಲೆ ಅವರ ಕೆಲಸವೂ ಹೋಯಿತು. ಇದ್ದಬದ್ದದ್ದನ್ನೆಲ್ಲ ಸುರಿದು ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿ ಅಂಗಡಿ ಹಿಡಿದರು; ಅದು ನಡೆಯದಿದ್ದರೆ ಮತ್ತೆ ಯಾರದೋ ಮನೆಯ ಪಾತ್ರೆ ತಿಕ್ಕುವುದೊಂದೇ ದಾರಿ. ಅಲ್ಲಿ ಮಾರುವುದು ಒಂದೇ ತಿಂಡಿ. ಬನ್ನನ್ನು ಸೀಳಿ, ಹೆಂಚಿನ ಮೇಲೆ ಬೇಯಿಸಿದ ಕೈಮಾದ ಬಿಲ್ಲೆಯನ್ನೂ ಈರುಳ್ಳಿಯನ್ನೂ ನಡುವೆ ಇಟ್ಟು ಒತ್ತಿಕೊಡುವುದು. ಬಂಗಲೆಯಲ್ಲಿ ಅದಕ್ಕೆ ಬರ್ಗರ್ ಎನ್ನುತ್ತಿದ್ದರಂತೆ.

ಕರಪತ್ರ ಬರೆಸಲು ಬಂದಾಗ ಅವರು ಕೇಳಿದ್ದು ಇಷ್ಟೇ: “ತಂಬಿ, ಆಡಿನ ಮಾಂಸ ಅಂತ ದೊಡ್ಡಕ್ಷರದಲ್ಲಿ ಹಾಕು. ಬೇರೆ ಏನೂ ಬೇಡ.”

“ಅದು ಸಂತೆ ಮಾತಾಯ್ತು ಅಕ್ಕಾ. ಜನ ಬರಬೇಕಂದ್ರೆ ತೂಕದ ಮಾತು ಬೇಕು.”

“ತೂಕ ಕಸಾಯಿ ಹಾಕ್ತಾನೆ. ನೀನು ಆಡು ಅಂತ ಬರಿ.”

ನಾನು ಬರೆಯಲಿಲ್ಲ. ‘ಆಂಗ್ಲ ದೊರೆಗಳು ಮೆಚ್ಚಿ ಮೆದ್ದ ಅಪೂರ್ವ ಭಕ್ಷ್ಯ’ ಎಂದು ಶೃಂಗರಿಸಿದ ವಾಕ್ಯದಲ್ಲಿ ಪಾಪದ ಆಡಿಗೆ ನಿಲ್ಲಲು ಜಾಗವೇ ಉಳಿಯಲಿಲ್ಲ. ಗುಲಾಬಿ ಕಾಗದದ ಆ ಪತ್ರಗಳು ತಮಟೆ ಬಡಿಯುವ ಜಟಕಾದಿಂದ, ರೈಲುದಾರಿ ಕೊನೆಯಾಗುವ ಮಾರಿಕುಪ್ಪಂವರೆಗೂ ಹಾರಿದವು. ಸಂಜೆಯ ರೈಲಿನಲ್ಲಿ, ಊರೂರಿನ ಹಾಲು ತಂದು ಮಾರುವ ಮುನಿಶಾಮಿ ಒಂದನ್ನು ಹಿಡಿದು ಪಕ್ಕದವನಿಗೆ ವಿವರಿಸುತ್ತಿದ್ದ: “ದೊರೆಗೋಳು ಏನ್ ತಿಂತಿದ್ರು ಅಂತ ನಮಗ್ಗೊತ್ತಿಲ್ವೇನ್ಲಾ? ದನಾನೇ ಕಣ್ಲಾ ಅದು.”

ಈ ಮಾತು ಸೂಸಮ್ಮನವರ ಕಿವಿಗೂ ಬಿತ್ತು. ಅವರು ನನ್ನನ್ನು ಬೈಯಲಿಲ್ಲ. ಅಂಗಡಿ ತೆರೆಯುವ ದಿನ ಬೆಳಿಗ್ಗೆ ಕಸಾಯಿಯ ಬಳಿಗೆ ಕರೆದುಕೊಂಡು ಹೋಗಿ, ಆಡನ್ನು ತೋರಿಸಿ, ಮಾಂಸ ಬುಟ್ಟಿಗೆ ಬೀಳುವವರೆಗೂ ನಿಲ್ಲಿಸಿಕೊಂಡರು. “ಯಾರಾದ್ರೂ ಕೇಳಿದ್ರೆ ನೀನು ಹೇಳ್ಬೇಕು. ನಿನ್ನ ಮಾತು ನಂಬ್ತಾರೆ.”

ಮಧ್ಯಾಹ್ನ ಗಲ್ಲಿಯ ತುಂಬ ಜನ, ಆದರೆ ಎಲ್ಲರೂ ಹೊರಗೇ. ಸೂಸಮ್ಮ ಮೊದಲ ಬನ್ನನ್ನು ನನ್ನ ಕೈಗಿಟ್ಟರು. “ಬೋಣಿ ನಿಂದೇ ತಂಬಿ. ತಿಂದು ಹೇಳು, ಏನು ಮಾಂಸ ಅಂತ.”

ನಮ್ಮ ಮನೆಯಲ್ಲಿ ಆಡು ಕುರಿ ತಿನ್ನುವುದು ನಿಷಿದ್ಧವೇನಲ್ಲ. ಆದರೆ ಆಗಷ್ಟೇ ನನಗೆ ಹೆಣ್ಣು ಗೊತ್ತಾಗಿತ್ತು, ಹೆಣ್ಣಿನ ಚಿಕ್ಕಪ್ಪ ಆ ಗುಂಪಿನಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದರು. ಬನ್ನು ಬಿಸಿಯಾಗಿತ್ತು, ಮೆಣಸಿನ ಘಮ ಬರುತ್ತಿತ್ತು. “ಮನೆಗೆ ತಗೊಂಡು ಹೋಗಿ ನಿಧಾನವಾಗಿ ತಿಂತೀನಿ ಅಕ್ಕಾ” ಎಂದೆ.

ಅವರು ಬನ್ನನ್ನು ವಾಪಸು ತೆಗೆದುಕೊಂಡು, ನನ್ನದೇ ಕರಪತ್ರದಲ್ಲಿ ಸುತ್ತಿ ಕೊಟ್ಟರು.

ಅದನ್ನು ಮನೆಗೆ ಒಯ್ಯುವ ಧೈರ್ಯವೂ ಬರಲಿಲ್ಲ. ಸ್ಟೇಷನ್ನಿನಲ್ಲಿ ಬೆಂಚಿನ ಹಿಂದೆ ಮಲಗಿದ್ದ ನಾಯಿಯ ಮುಂದೆ ಹಾಕಿದೆ. ನಾಯಿ ಯಾವ ಅಭಿಪ್ರಾಯಕ್ಕೂ ಕಾಯದೆ ತಿಂದು ಮುಗಿಸಿತು. ಮರುದಿನ ರೈಲಿನಲ್ಲಿ ಮುನಿಶಾಮಿ ಎಲ್ಲರಿಗೂ ಕೇಳುವಂತೆ, “ಏನ್ ಸಾಮಿ, ನೋಟೀಸು ಬರ್ದೋರು ನೀವಂತೆ, ನಿನ್ನೆ ತಿಂದಿದ್ದು ಮಾತ್ರ ಟೇಸನ್ ನಾಯಿ” ಎಂದ. ಡಬ್ಬಿಗೆ ಡಬ್ಬಿಯೇ ನಕ್ಕಿತು.

ಅದು ಆಡಿನ ಮಾಂಸ, ಕಡಿಯುವುದನ್ನು ಕಣ್ಣಾರೆ ನೋಡಿದ್ದೇನೆ. ಇಷ್ಟು ಹೇಳಿದ್ದರೆ ಸಾಕಿತ್ತು. ವಿಶೇಷಣವೂ ಬೇಕಿರಲಿಲ್ಲ, ತಮಟೆಯೂ ಬೇಕಿರಲಿಲ್ಲ. ಹಲ್ಲುಪುಡಿಯ ಪರವಾಗಿ ಪ್ರಾಣ ಕೊಡುವಂತೆ ವಾದಿಸುತ್ತಿದ್ದ ನಾನು ಅವರೊಂದಿಗೆ ಸೇರಿ ನಕ್ಕೆ. ಒಂದು ಸುಳ್ಳನ್ನೂ ಆಡಲಿಲ್ಲವೆಂದು ಬಹುಕಾಲ ಸಮಾಧಾನ ಹೇಳಿಕೊಂಡಿದ್ದೇನೆ. ನನ್ನ ನಗುವನ್ನು ಕಂಡವರಿಗೆ ಸುಳ್ಳಿನ ಅಗತ್ಯವೇ ಇರಲಿಲ್ಲ. ಬರೆದವನೇ ತಿನ್ನಲಿಲ್ಲ ಎಂಬ ಸುದ್ದಿ ಜಟಕಾ ಹೋಗದ ಹಳ್ಳಿಗಳಿಗೂ ಹೋಯಿತು. ಆ ವರ್ಷದ ಮಳೆಗಾಲ ಮುಗಿಯುವ ಮೊದಲೇ ಗಲ್ಲಿಯ ಬಾಗಿಲಿಗೆ ಬೀಗ ಬಿತ್ತು.

ಮದುವೆಯಾಗಿ, ಅರವತ್ತರ ದಶಕವೂ ಅರ್ಧ ಕಳೆದ ಮೇಲೆ, ಒಂದು ಭಾನುವಾರ ಮಾರಿಕುಪ್ಪಂಗೆ ಹೋಗಿ ಸೂಸಮ್ಮನವರ ಮನೆ ಹುಡುಕಿದೆ. ಗಣಿ ಕೆಲಸಗಾರರ ಸಾಲುಮನೆಗಳಲ್ಲೊಂದು. ನಾಲ್ಕು ಮನೆಯ ಪಾತ್ರೆ ತಿಕ್ಕಿ ಬಂದು ಕೈಗೆ ಎಣ್ಣೆ ಸವರಿಕೊಳ್ಳುತ್ತಿದ್ದರು. ಬರುವ ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತೆಲ್ಲ ಮರೆತು, “ಅದು ಆಡಿನ ಮಾಂಸ ಅಂತ ನಾನು ಹೇಳ್ಬೇಕಾಗಿತ್ತು ಅಕ್ಕಾ” ಎಂದೆ.

“ನಿಂಗೆ ಗೊತ್ತಿತ್ತಲ್ಲ?”

“ಗೊತ್ತಿತ್ತು.”

“ಗೊತ್ತಿಲ್ದೆ ಮಾತಾಡಿದೋರ ಮೇಲೆ ನಂಗೆ ಕೋಪ ಇಲ್ಲ ತಂಬಿ” ಎಂದರು. ಒಳಗೆ ಹೋದರು. ಒಲೆ ಹೊತ್ತಿಸಿದ ಸದ್ದಾಯಿತು. “ಕಾಫಿ ಇಲ್ಲೇ ಕುಡೀತೀಯಾ, ಮನೆಗೆ ತಗೊಂಡು ಹೋಗ್ತೀಯಾ?”

ಲೋಟ ತೆಗೆದುಕೊಂಡು ಹೊಸ್ತಿಲಿಗೆ ಬಂದೆ. ಬೀದಿಗೆ ಮುಖ ಮಾಡಿ ನಿಂತು, ಕೊನೆಯ ಗುಟುಕಿನವರೆಗೂ ಕುಡಿದೆ. ಭಾನುವಾರದ ಮಧ್ಯಾಹ್ನ. ಬೀದಿಯಲ್ಲಿ ನೋಡುವವರು ಯಾರೂ ಇರಲಿಲ್ಲ.