ಮೊದಲನೆಯ ಪ್ರಶ್ನೆ: ಯಾರು

ಇದನ್ನು ಹೇಳುವಾಗಲೆಲ್ಲ ನನ್ನ ಮಾತಿನಲ್ಲಿ ಆ ಬೆಳಿಗ್ಗೆ ಮೋಡ ಕವಿದಿರುತ್ತದೆ. ಸುಳ್ಳು. ಅವತ್ತು ಚುರುಗುಟ್ಟುವ ಬಿಸಿಲಿತ್ತು. ಪ್ರಾರ್ಥನೆಗೆ ನಿಂತ ಮಕ್ಕಳು ಹಣೆಗೆ ಕೈ ಅಡ್ಡ ಹಿಡಿದಿದ್ದರು. ಮೋಡವನ್ನು ಆಮೇಲೆ ನಾನೇ ತಂದಿಟ್ಟದ್ದು. ಇನ್ನೂ ಏನೇನು ತಂದಿಟ್ಟಿದ್ದೇನೋ, ಏನೇನು ಅಳಿಸಿದ್ದೇನೋ. ಅದಕ್ಕೇ ಈ ಸಲ ಅವಳ ನೋಟ್‌ಬುಕ್ಕನ್ನು ಎದುರಿಗಿಟ್ಟುಕೊಂಡು ಬರೆಯುತ್ತಿದ್ದೇನೆ. ಹತ್ತನೇ ತರಗತಿ ಮುಗಿಸಿ ಹೋಗುವಾಗ ಅವಳು ಇದನ್ನು ಶಾಲೆಯಲ್ಲೇ ಬಿಟ್ಟುಹೋದಳು.

ಹಳೇಬೀಡಿನ ಹತ್ತಿರದ ಹೈಸ್ಕೂಲೊಂದರಲ್ಲಿ ನಾನು ಕನ್ನಡ ಮೇಷ್ಟ್ರು. ಮೊಬೈಲಿಗೆ ಬಂದದ್ದನ್ನೆಲ್ಲ ಮಕ್ಕಳು ನಿಜವೆಂದು ನಂಬುತ್ತಿದ್ದರು. ಹುಲಿಕೆರೆಯ ಕಲ್ಯಾಣಿಯಲ್ಲಿ ಏಳು ಹೆಡೆಯ ಹಾವು ಕಂಡಿತಂತೆ, ನಾಳೆಯಿಂದ ಶಾಲೆಯೇ ಇಲ್ಲವಂತೆ. ಇದಕ್ಕೆ ಮದ್ದು ಎಂದುಕೊಂಡು ನಾನು ದಿನಪತ್ರಿಕೆಯನ್ನು ತರಗತಿಗೆ ತಂದೆ. ಜಿಲ್ಲಾ ಪುಟದ ಒಂದು ಸಣ್ಣ ಸುದ್ದಿಯನ್ನು ಜೆರಾಕ್ಸ್ ಮಾಡಿಸಿ ಹಂಚುತ್ತಿದ್ದೆ. ಅದನ್ನು ನೋಟ್‌ಬುಕ್ಕಿಗೆ ಅಂಟಿಸಿ, ಕೆಳಗೆ ಐದು ಪ್ರಶ್ನೆಗಳಿಗೆ ಉತ್ತರ ಬರೆಯಬೇಕು: ಯಾರು, ಏನು, ಎಲ್ಲಿ, ಯಾವಾಗ, ಹೇಗೆ. ತಪ್ಪಾದ ಉತ್ತರವನ್ನು ತಿದ್ದಿ ಐದು ಸಲ ಬರೆಯಬೇಕು.

"ನಿಮ್ಮಜ್ಜಿ ಹೇಳಿದ್ದು ಬೇಡ, ನಿಮಗೆ ಅನ್ಸಿದ್ದೂ ಬೇಡ. ಪೇಪರಲ್ಲಿ ಐತಾ, ಇಲ್ವಾ? ಅಷ್ಟೇ" ಎನ್ನುತ್ತಿದ್ದೆ. ಈ ಮಾತಿನ ಬಗ್ಗೆ ನನಗೆ ಹೆಮ್ಮೆಯಿತ್ತು.

ಈ ನೋಟ್‌ಬುಕ್ಕಿನ ಹುಡುಗಿ ಆಗ ಒಂಬತ್ತನೇ ತರಗತಿ. ಗುಂಡು ಅಕ್ಷರ, ಕಡಿಮೆ ಮಾತು. ಅಪ್ಪ ಹಾರನಹಳ್ಳಿ, ಅರಸೀಕೆರೆ ಕಡೆಯ ತೋಟಗಳಲ್ಲಿ ತೆಂಗಿನಕಾಯಿ ಸುಲಿಯಲು ಹೋಗುತ್ತಿದ್ದ. ಹೋದರೆ ಹದಿನೈದು ದಿನ, ಇಪ್ಪತ್ತು ದಿನ. ಕೈಯಲ್ಲಿ ಫೋನಿಲ್ಲ. ಬಾರದಿದ್ದರೆ ಮನೆಯಲ್ಲಿ ಯಾರೂ ಗಾಬರಿಯಾಗುತ್ತಿರಲಿಲ್ಲ. ಇದಿಷ್ಟೂ ನನಗೆ ಆಗ ಗೊತ್ತಿರಲಿಲ್ಲ.

ಅಂದಿನ ಸುದ್ದಿ ಆರೇ ಸಾಲು. ಅರಸೀಕೆರೆ ರೈಲು ನಿಲ್ದಾಣದ ಹೊರಗೆ ಮರದ ಕೆಳಗೆ ಅಪರಿಚಿತ ವ್ಯಕ್ತಿಯ ಶವ. ಸುಮಾರು ನಲವತ್ತೈದು ವರ್ಷ, ನೀಲಿ ಗೆರೆಯ ಅಂಗಿ, ಎಡಗೈ ಹೆಬ್ಬೆರಳಿಗೆ ಉಗುರಿಲ್ಲ. ಗುರುತು ತಿಳಿದವರು ಪೊಲೀಸರನ್ನು ಸಂಪರ್ಕಿಸಬೇಕು. ನಾನು ಬೇಕೆಂದೇ ಇದನ್ನು ಆರಿಸಿದ್ದೆ. ಗೊತ್ತಿಲ್ಲ ಎಂಬುದೂ ಒಂದು ಉತ್ತರವೇ ಎಂದು ಮಕ್ಕಳಿಗೆ ಕಲಿಸುವ ಉಮೇದು.

"ಸಾರ್, ಅಪರಿಚಿತ ಅಂದ್ರೆ ಯಾವೂರಿನೋರು ಸಾರ್?" ಹಿಂದಿನ ಬೆಂಚಿನಿಂದ ಒಬ್ಬ ಕೂಗಿದ.

"ನಿಮ್ಮಾವನ ಊರು ಕಣ್ಲಾ" ಎಂದ ಪಕ್ಕದವನು. ತರಗತಿಯೆಲ್ಲ ನಕ್ಕಿತು. ನಾನೂ ನಕ್ಕೆ.

ಆಗ ಅವಳು ಎದ್ದು ನಿಂತು, "ಸಾರ್, ಪೇಪರಲ್ಲಿ ಇಲ್ದಿದ್ರೂ ನಮಗೆ ಗೊತ್ತಿದ್ರೆ ಬರೀಬೋದಾ?" ಎಂದು ಕೇಳಿದಳು. ಕೇಳಿದಳೋ, ಅಥವಾ ಎಷ್ಟೋ ದಿನದ ಮೇಲೆ ನನಗೆ ಹಾಗೆ ಕೇಳಿಸತೊಡಗಿತೋ, ಆಣೆ ಮಾಡಿ ಹೇಳಲಾರೆ. ಕೇಳಿದ್ದರೆ ನಾನು ಕೊಟ್ಟಿರಬಹುದಾದ ಉತ್ತರದ ಬಗ್ಗೆ ಮಾತ್ರ ನನಗೆ ಅನುಮಾನವಿಲ್ಲ.

ಮಧ್ಯಾಹ್ನ ಊಟದ ಡಬ್ಬಿ ಪಕ್ಕಕ್ಕಿಟ್ಟುಕೊಂಡೇ ನೋಟ್‌ಬುಕ್ಕು ತಿದ್ದಿದೆ. ಬೆಲ್ಲು ಹೊಡೆಯುವುದರೊಳಗೆ ಅಷ್ಟೂ ಮುಗಿಯಬೇಕಿತ್ತು. ಅವಳದು ಇಲ್ಲಿದೆ. ಏನು, ಎಲ್ಲಿ, ಯಾವಾಗ, ಹೇಗೆ, ನಾಲ್ಕೂ ಸರಿ. ಮೊದಲನೆಯದರ ಮುಂದೆ "ನಮ್ಮಪ್ಪ" ಎಂದಿದೆ.

ಗೆಳೆಯರಿಗೆ ಹೇಳುತ್ತಿದ್ದ ಕಥೆಯಲ್ಲಿ ನಾನು ಇಲ್ಲಿ ಪೆನ್ನು ಕೆಳಗಿಡುತ್ತೇನೆ, ಅವಳನ್ನು ಹುಡುಕಿಕೊಂಡು ತರಗತಿಗೆ ಓಡುತ್ತೇನೆ. ನೋಟ್‌ಬುಕ್ಕಿನಲ್ಲಿ ಅದು ಇಲ್ಲ. ನೋಟ್‌ಬುಕ್ಕಿನಲ್ಲಿ ಇರುವುದು ಆ ಶಬ್ದದ ಮೇಲೆ ಎಳೆದ ಕೆಂಪು ಗೆರೆ, ಪಕ್ಕದಲ್ಲಿ ನನ್ನ ಅಕ್ಷರ: "ತಪ್ಪು. ಅಪರಿಚಿತ ವ್ಯಕ್ತಿ. ಸುದ್ದಿಯಲ್ಲಿ ಇಲ್ಲದ್ದನ್ನು ಬರೆಯಬೇಡ."

ಮುಂದಿನದನ್ನು ಅವಳ ತಾಯಿ ಹೇಳಿದ್ದು. ಎಲ್ಲ ಮುಗಿದ ಮೇಲೆ, ಮಗಳನ್ನು ಮತ್ತೆ ಶಾಲೆಗೆ ಬಿಡಲು ಬಂದಾಗ, ಜಗಲಿಯಲ್ಲಿ ನಿಂತುಕೊಂಡೇ.

"ಅವತ್ತು ಸಂಜೆ ಅಳ್ತಾ ಬಂದ್ಲು ಸಾರ್. ಓದವ್ವಾ ಅಂದೆ, ಓದಿದ್ಲು. ಹೆಬ್ಬೆಟ್ಟಿನ ಮಾತು ಬಂದಾಗ ಅಲ್ಲೇ ನಿಲ್ಲಿಸ್ದೆ, ನಮ್ಮೋರ್ಗೂ ಆ ಉಗುರು ಇರ್ಲಿಲ್ವಲ್ಲ. ಈ ಕೆಂಪುಗಿರೋದು ಏನೇ ಅಂದೆ. ಮೇಷ್ಟ್ರು ತಪ್ಪು ಅಂತ ಹಾಕವ್ರೆ ಕಣವ್ವಾ ಅಂದ್ಲು. ಸದ್ಯ, ಓದಿದೋರು, ಮೇಷ್ಟ್ರೇ ಅಲ್ಲ ಅಂದವ್ರಲ್ಲ ಅಂತ ದೇವ್ರಿಗೆ ದೀಪ ಹಚ್ದೆ."

ತಾಯಿಯ ದನಿಯಲ್ಲಿ ಆಕ್ಷೇಪಣೆ ಇರಲಿಲ್ಲ.

ಮೇಷ್ಟ್ರ ಮಾತನ್ನು ನಂಬಿ ಅವರು ಕಾದರು. ಕೆಲಸಕ್ಕೆ ಯಾಕೆ ಬರಲಿಲ್ಲವೆಂದು ತೋಟದವರು ಕೇಳಿಕೊಂಡು ಮನೆಬಾಗಿಲಿಗೆ ಬರುವವರೆಗೂ ಕಾದರು. ಆಮೇಲೆ ಅರಸೀಕೆರೆಗೆ ಓಡಿದಾಗ, ಯಾರೂ ಬಾರದ ಶವವೆಂದು ಮಣ್ಣು ಮಾಡಿ ಆಗಿತ್ತು. ಅವರಿಗೆ ಸಿಕ್ಕಿದ್ದು ಒಂದು ಫೋಟೊ, ನೀಲಿ ಗೆರೆಯ ಅಂಗಿ. ಮುಖ ನೋಡಲಿಲ್ಲ, ಬಾಯಿಗೆ ನೀರು ಬಿಡಲಿಲ್ಲ. ತಾಯಿ ಆ ಅಂಗಿಯನ್ನೇ ಒಗೆದು, ಮಡಿಸಿಟ್ಟು, ಅದರ ಮುಂದೆ ಎಡೆ ಇಟ್ಟಳಂತೆ.

ತಾಯಿ ಬಸ್ಸಿಗೆ ಹೋದ ಮೇಲೆ ಹುಡುಗಿಯನ್ನು ಕರೆದೆ. "ಅವತ್ತೇ ನನ್ಹತ್ರ ಒಂದು ಮಾತು ಹೇಳ್ಬಾರ್ದಿತ್ತಾ ತಾಯಿ?"

ಅವಳು ನನ್ನನ್ನೇ ನೋಡಿದಳು. ನಾನು ಏನು ಕೇಳುತ್ತಿದ್ದೇನೆ ಎಂಬುದೇ ಅವಳಿಗೆ ತಿಳಿಯದಂತೆ.

"ಬರ್ದಿದ್ನಲ್ಲ ಸಾರ್."

ಪುಟದ ಮೇಲೆ ಸುದ್ದಿಯ ಚೂರು ಈಗ ಇಲ್ಲ. ಯಾರೋ ಮೆಲ್ಲಗೆ, ಹರಿಯದಂತೆ ಬಿಡಿಸಿಕೊಂಡಿದ್ದಾರೆ. ಒಣಗಿದ ಅಂಟಿನ ಕಲೆಯಷ್ಟೇ ಉಳಿದಿದೆ. ಅದರ ಕೆಳಗೆ ಐದು ಉತ್ತರ, ನನ್ನ ಕೆಂಪು ಗೆರೆ. ಅದಕ್ಕೂ ಕೆಳಗೆ, ನನಗೆ ಮರೆತೇಹೋಗಿದ್ದ ಭಾಗ. ಆ ರಾತ್ರಿ ಮನೆಯಲ್ಲಿ ಕೂತು ನಿಯಮದಂತೆ ತಿದ್ದಿ ಬರೆದದ್ದು, ಗುಂಡು ಅಕ್ಷರದಲ್ಲಿ, ಒಂದರ ಕೆಳಗೊಂದು, ಐದು ಸಲ: ಅಪರಿಚಿತ ವ್ಯಕ್ತಿ. ಅಪರಿಚಿತ ವ್ಯಕ್ತಿ. ಅಪರಿಚಿತ ವ್ಯಕ್ತಿ. ಅಪರಿಚಿತ ವ್ಯಕ್ತಿ. ಅಪರಿಚಿತ ವ್ಯಕ್ತಿ.

ಪಕ್ಕದಲ್ಲಿ ಮರುದಿನ ನಾನು ಹಾಕಿದ ರೈಟು ಗುರುತು.