ಮಗಳ ಪುಟದ ಕಿವಿ ಎಣ್ಣೆ

ಬಸ್ ನಿಲ್ದಾಣದ ಟಿಕೆಟ್ ಕಿಟಕಿಯಲ್ಲಿ ಕೂರುವ ಅಕ್ಕನಿಗೆ ಇನ್ನೊಂದು ಕೆಲಸವೂ ಇತ್ತು. ಮಗಳು ಪುಟ್ಟಿಗೆ ಕಿವಿ ಮಂದ ಎಂದು ಗೊತ್ತಾದ ಮೇಲೆ ತಾನು ಬಿದ್ದು ಎದ್ದು ಕಲಿತದ್ದನ್ನೆಲ್ಲ ಅಂಥ ಮಕ್ಕಳ ತಾಯ್ತಂದೆಯರಿಗಾಗಿ ಒಂದು ವೆಬ್‌ಸೈಟಿನಲ್ಲಿ ಬರೆಯುತ್ತಿದ್ದಳು. ಅಲ್ಲಿನ ಜಾಹೀರಾತಿನಿಂದ ಬರುವ ಪುಡಿಗಾಸಿನಲ್ಲೇ ಪುಟ್ಟಿಯ ಶ್ರವಣಯಂತ್ರಕ್ಕೆ ಬ್ಯಾಟರಿ, ಅದನ್ನು ಬೆಳೆಯುವ ಕಿವಿಗೆ ತಕ್ಕಂತೆ ಕೂರಿಸುವ ಹೊಸ ಅಚ್ಚು ಎಲ್ಲ ಆಗಬೇಕು. ಹಾಗಾಗಿ ಯಾವ ಜಾಹೀರಾತು ಬಂದರೂ ಬೇಡ ಎನ್ನುತ್ತಿರಲಿಲ್ಲ. ‘ವಾರದಲ್ಲಿ ಕಿವುಡು ಮಾಯ’ ಎನ್ನುವ ಎಣ್ಣೆಯದ್ದೂ ಬರುತ್ತಿತ್ತು. ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕಿನ ಹಾಗೆ ಅಕ್ಕ ಸುಮ್ಮನಿದ್ದಳು. ಇದನ್ನೆಲ್ಲ ಯಾರು ನಂಬುತ್ತಾರೆ ಎಂಬ ಸಮಾಧಾನ ಬೇರೆ.

ನಂಬುವವರು ಮನೆಯಲ್ಲೇ ಇದ್ದರು. ಒಂದು ಸಂಜೆ ಕೆಲಸದಿಂದ ಬಂದು ನೋಡುತ್ತಾಳೆ, ಅಪ್ಪ ಮೊಮ್ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡಿದ್ದಾರೆ. ಶ್ರವಣಯಂತ್ರ ಬಿಚ್ಚಿ ಮೇಜಿನ ಮೇಲಿಟ್ಟಿದೆ. ಕೈಯಲ್ಲಿ ಅದೇ ಎಣ್ಣೆಯ ಸೀಸೆ, ಹನಿ ಇನ್ನೇನು ಬೀಳಬೇಕು. ಅಕ್ಕ ಓಡಿ ಹೋಗಿ ಸೀಸೆ ಕಿತ್ತುಕೊಂಡಳು. ಪುಣ್ಯಕ್ಕೆ ಒಂದು ತೊಟ್ಟೂ ಒಳಗೆ ಹೋಗಿರಲಿಲ್ಲ.

"ನಿನ್ನ ಪುಟದಲ್ಲೇ ಇತ್ತಲ್ಲಮ್ಮ," ಅಪ್ಪ ಕುಗ್ಗಿದ ದನಿಯಲ್ಲಿ ಅಂದರು. "ನೀನು ನೋಡದೆ ಹಾಕಿರಲ್ಲ ಅಂತ ತರಿಸ್ದೆ. ಎಷ್ಟು ಕೂಗಿದ್ರೂ ಮಗು ನನ್ನ ಕಡೆ ತಿರುಗಲ್ಲ. ನಾನಿರೋವಾಗ್ಲೇ ನನ್ನ ಮಾತು ಅದಕ್ಕೆ ತಿಳೀಲಿ ಅಂತ ಆಸೆ."

ಬೇಲಿಯೇ ಎದ್ದು ಹೊಲ ಮೇದಂತಾಯಿತಲ್ಲ! ಅಕ್ಕ ಕಂಪ್ಯೂಟರ್ ಮುಂದೆ ಕೂತು ಎಣ್ಣೆಯವರ ಜಾಹೀರಾತನ್ನು ತಡೆದಳು. ಆ ಖದೀಮರೇನು ಕಡಿಮೆಯೇ? ಬೆಳಗಾಗುವಷ್ಟರಲ್ಲಿ ಬೇರೆ ಹೆಸರಿನಲ್ಲಿ ಹಾಜರು. ಹಾಗಾದರೆ ಕಾವಲಿಗೆ ನಾನಿದ್ದೇನೆ ಎಂದು ಅಪ್ಪ ಕನ್ನಡಕ ಏರಿಸಿ ಪಕ್ಕದಲ್ಲಿ ಕೂತರು. ದಿನಾ ಪುಟ ತೆರೆದು ಸುಳ್ಳು ಮದ್ದು, ಸುಳ್ಳು ಬಹುಮಾನ ಕಂಡಲ್ಲೆಲ್ಲ ಬೆರಳಿಟ್ಟು ತೋರಿಸುವುದು ಅವರ ಪಾಲಿನ ಕೆಲಸ, ತಡೆಯುವುದು ಅಕ್ಕನದು. ಮೊದಲು ವರಮಾನ ಕುಸಿಯಿತು, ಪುಟ್ಟಿಯ ಹೊಸ ಅಚ್ಚು ಮುಂದಕ್ಕೆ ಹೋಯಿತು. ಆದರೂ ಅಕ್ಕ ಒಬ್ಬರನ್ನೂ ಮತ್ತೆ ಒಳಗೆ ಬಿಡಲಿಲ್ಲ. ಬರಬರುತ್ತಾ ತೆರವಾದ ಜಾಗಕ್ಕೆ ಬ್ಯಾಟರಿ ಮಾಡುವವರು, ಮಕ್ಕಳ ಪುಸ್ತಕದವರು ಬಂದರು. ಕಸದ ಪಕ್ಕ ಕೂರಲು ಒಪ್ಪದ ಇವರು ಚೊಕ್ಕ ಜಾಗಕ್ಕೆ ಹೆಚ್ಚೇ ಕೊಟ್ಟರು. ವರಮಾನ ಹಿಂದಿಗಿಂತ ಮೇಲಾಯಿತು, ಅಚ್ಚೂ ಬಂತು.

ಜಾಹೀರಾತು ಕಾಯುತ್ತಾ ಕಾಯುತ್ತಾ, ಮಗಳು ಬರೆದದ್ದನ್ನೂ ಅಪ್ಪ ಓದತೊಡಗಿದ್ದರು. ಅದುವರೆಗೆ ಅದರಲ್ಲಿ ಒಂದಕ್ಷರ ಓದಿದವರಲ್ಲ. ಹಿತ್ತಲ ಗಿಡ ಮದ್ದಲ್ಲ ನೋಡಿ! ಕಿವಿ ಮಂದವಿರುವ ಮಕ್ಕಳೊಂದಿಗೆ ಕೂಗಾಡಬೇಡಿ, ಎದುರು ಕೂತು ತುಟಿ ಕಾಣುವಂತೆ ಮಾತಾಡಿ ಎಂದು ಒಂದು ಕಡೆ ಬರೆದಿತ್ತು. ಅಪ್ಪ ಅದನ್ನು ಮತ್ತೊಮ್ಮೆ ಓದಿ, ಎದ್ದು ಬಚ್ಚಲಿಗೆ ಹೋದರು.

ಹೊರಗೆ ಬಂದಾಗ ಅಕ್ಕನಿಗೇ ಗುರುತು ಸಿಗಲಿಲ್ಲ. ಬಾಯಿ ಮುಚ್ಚುವಷ್ಟು ದಟ್ಟವಾಗಿದ್ದ ಮೀಸೆ ಹೋಗಿತ್ತು. ಹುಟ್ಟಿದಾಗಿನಿಂದ ಅವಳು ಅಪ್ಪನ ಮೇಲ್ದುಟಿ ಕಂಡವಳೇ ಅಲ್ಲ. ಅಪ್ಪ ಮೊಮ್ಮಗಳ ಎದುರು ನೆಲದ ಮೇಲೆ ಕೂತು, ಮೆಲ್ಲಗೆ "ಪುಟ್ಟಿ" ಅಂದರು.

ಮಗು ಆ ಬೋಳು ತುಟಿಯನ್ನೇ ನೋಡಿತು, ಬೆರಳಿಂದ ಮುಟ್ಟಿ ಕಿಸಕ್ಕನೆ ನಕ್ಕಿತು.

"ಏನು ತಾತ?"