ತಡವಾದದ್ದಕ್ಕೆ ಕಾರಣ

ನನಗೆ ಹನ್ನೊಂದು ವರ್ಷವಾಗಿದ್ದಾಗ ಪದ್ಮನಾಭನಗರದ ನಮ್ಮ ಬೀದಿಯ ಸಣ್ಣ ಗುಡಿಯಲ್ಲಿ ಪ್ರತಿ ಶನಿವಾರ ಶ್ಲೋಕದ ಕ್ಲಾಸು ನಡೆಯುತ್ತಿತ್ತು. ಒಂದು ಶನಿವಾರ ಅರ್ಚಕ ನನ್ನನ್ನು ಮುಟ್ಟಬಾರದ ಹಾಗೆ ಮುಟ್ಟಿದ. ಆ ಮನುಷ್ಯನಿಗೆ ಬಹುವಚನ ಕೊಡಲಾರೆ. ಮನೆಗೆ ಓಡಿಬಂದು ಅಮ್ಮನಿಗೆ ಹೇಳಿದೆ. "ಇನ್ಮೇಲೆ ಅಲ್ಲಿಗೆ ಹೋಗ್ಬೇಡ. ಯಾರ ಹತ್ರಾನೂ ಬಾಯಿ ಬಿಡ್ಬೇಡ" ಎಂದ ಅಮ್ಮ ನನ್ನನ್ನು ಚಿತ್ರಕಲೆಯ ಕ್ಲಾಸಿಗೆ ಸೇರಿಸಿದಳು. ಅವಳ ಪಾಲಿಗೆ ವಿಷಯ ಅಲ್ಲಿಗೆ ಮುಗಿದಿತ್ತು.

ಇಪ್ಪತ್ತೈದರಲ್ಲಿ, ಆ ಅರ್ಚಕ ಶ್ಲೋಕದ ಕ್ಲಾಸನ್ನು ಇನ್ನೂ ನಡೆಸುತ್ತಿದ್ದಾನೆ ಎಂದು ತಿಳಿದಾಗ ಮೈಯೆಲ್ಲ ಉರಿಯಿತು. ಜಯನಗರದ ವಕೀಲರೊಬ್ಬರನ್ನು ಕಾಣಲು ಹೊರಟೆ. ಅಮ್ಮ ತಾನೂ ಸ್ಕೂಟರಿನ ಹಿಂದೆ ಹತ್ತಿ ಕೂತಳು. ನನ್ನನ್ನು ತಡೆಯಲಿಕ್ಕೇ ಬರುತ್ತಿದ್ದಾಳೆ ಅಂದುಕೊಂಡೆ.

"ಮಕ್ಕಳ ಹೊಸ ಕಾನೂನು ಆಗಿನ್ನೂ ಬಂದಿರ್ಲಿಲ್ಲ. ಹಳೇ ಸೆಕ್ಷನ್‌ನಲ್ಲಿ ಕೇಸ್ ಹಾಕೋಕೆ ಮೂರೇ ವರ್ಷ ಟೈಮು. ನಿಮಗೆ ಹದಿನಾಲ್ಕಾದಾಗ್ಲೇ ಮುಗ್ದೋಯ್ತು" ಎಂದರು ವಕೀಲೆ.

ಹದಿನಾಲ್ಕರಲ್ಲಿ ನಾನು ಒಬ್ಬಳೇ ಬಸ್ಸು ಹತ್ತುವಂತಿರಲಿಲ್ಲ. ಕೋರ್ಟು ಮೆಟ್ಟಿಲು ಹತ್ತಬೇಕಿತ್ತಂತೆ! ಅದೇ ವರ್ಷ ನಮ್ಮ ಮನೆಯ ಸತ್ಯನಾರಾಯಣ ಪೂಜೆಗೆ ಬಂದಿದ್ದವನೂ ಅವನೇ. ಏನೂ ಅರಿಯದ ಅಪ್ಪ ತಾಂಬೂಲದ ತಟ್ಟೆಯನ್ನು ನನ್ನ ಕೈಯಿಂದಲೇ ಕೊಡಿಸಿದ್ದರು.

"ತಡ ಆಗಿದ್ದನ್ನ ಮನ್ನಿಸಿ ಅಂತ ಅರ್ಜಿ ಹಾಕ್ಬೋದು. ಆದ್ರೆ ಗಟ್ಟಿ ಕಾರಣ ಬೇಕು. ಇಷ್ಟು ವರ್ಷ ಯಾಕೆ ಸುಮ್ನಿದ್ರಿ?"

ಚಿಕ್ಕವಳಿದ್ದೆ, ಭಯವಿತ್ತು ಎಂದು ತೊದಲಿದೆ. ತಪ್ಪನ್ನು ಅಮ್ಮನ ಮೇಲೆ ಹಾಕಲು ಮನಸ್ಸು ಬರಲಿಲ್ಲ.

"ಅದು ಸುಳ್ಳು ಮೇಡಂ" ಎಂದಳು ಅಮ್ಮ. "ಇವಳು ಸುಮ್ನಿರ್ಲಿಲ್ಲ. ಅವತ್ತೇ ಬಂದು ಹೇಳಿದ್ಲು. ಬಾಯಿ ಮುಚ್ಚಿಸಿದ್ದು ನಾನು. ಹಂಗೇ ಬರ್ಕೊಳ್ಳಿ, ಸೈನ್ ಹಾಕ್ತೀನಿ."

ಅಫಿಡವಿಟ್ಟಿನ ಪ್ರತಿ ಪುಟಕ್ಕೂ ಸೈನ್ ಹಾಕಿದಳು. ಆಮೇಲೆ ಆ ಕ್ಲಾಸಿಗೆ ಮಕ್ಕಳನ್ನು ಕಳಿಸುತ್ತಿದ್ದ ಒಂದೊಂದು ಮನೆಗೂ ಹೋಗಿ, ಕಾಫಿ ಬೇಡವೆಂದು, ನಿಂತುಕೊಂಡೇ ಎಲ್ಲವನ್ನೂ ಹೇಳಿ ಬಂದಳು. ಒಬ್ಬರು ಮುಖಕ್ಕೇ ಬಾಗಿಲು ಹಾಕಿದರು. ತಿಂಗಳೊಳಗೆ ಕ್ಲಾಸು ನಿಂತಿತು.

ಕೋರ್ಟು ಮಾತ್ರ ಅರ್ಜಿಯನ್ನು ವಜಾ ಮಾಡಿತು. ಅಮ್ಮ ಕೊಟ್ಟ ಕಾರಣ ಸಾಲದಂತೆ. ಸಿಟ್ಟು ಬಂತು, ನೆನೆದರೆ ಈಗಲೂ ಬರುತ್ತದೆ. ಆದರೆ ಅವತ್ತು ಎದೆ ಹಗುರವಾಗಿತ್ತೆಂಬುದೂ ನಿಜ. ಹೊಟ್ಟೆ ಹಸಿದಿತ್ತು. ಇಬ್ಬರೂ ಹೋಟೆಲಿಗೆ ಹೋಗಿ ಮಸಾಲೆ ದೋಸೆ ತರಿಸಿಕೊಂಡೆವು.

ಅಮ್ಮ ತಟ್ಟೆಯಿಂದ ತಲೆಯೆತ್ತದೆ ಕೇಳಿದಳು: "ನನ್ಮೇಲೆ ಕೇಸ್ ಹಾಕೋಕೆ ಇನ್ನೂ ಟೈಮ್ ಇದ್ಯೇನೇ?"

"ಅದೂ ಮುಗ್ದೋಯ್ತು ಕಣಮ್ಮ" ಎಂದೆ. "ತಿನ್ನು."